ಬೆಂಗ್ರೆಯಿಂದ ತಂದ ಬಿಳಿ ಹೊಯ್ಗೆ

ನಾನು ನಿಂತಿದ್ದುದು ಬಾವಿಕಟ್ಟೆಯ ಪಡುಬದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿಗೆ ಒರಗಿಕೊಂಡು. ೧೯೫೮ನೆಯ ಇಸವಿಯ ಮೇ ತಿಂಗಳು, ಕೊನೆಯ ವಾರ. ಮಧ್ಯಾಹ್ನದ ನಾಲ್ಕು ಗಂಟೆ ಕಳೆದಿತ್ತು. ಗಾಳಿ ನಮ್ಮ ಕಡೆ ಬೀಸಿದಾಗ ಕೇಳಿಸುವ ಹಂಚಿನ ಕಾರ್ಖಾನೆಯ ಕೂಗು ಇನ್ನೂ ಆಗಿರಲಿಲ್ಲ. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ನನ್ನ ತಂದೆಯ ಅಕ್ಕ ರೆಜಿನಾ ಒಣಗುತ್ತಿದ್ದ ಮಲ್ಲಿಗೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಬುಡದ ಮರಳಿನಿಂದ ಒಂದು ಚಿಟಿಕೆ ತೆಗೆದಳು, ಅಂಗೈಯಲ್ಲಿ ಹರಡಿ ನೋಡಿದಳು, ಆಮೇಲೆ ನಾಲಿಗೆಯ ತುದಿಗೆ ಮುಟ್ಟಿಸಿದಳು. ಉಗುಳಲಿಲ್ಲ. ಕೈಯನ್ನು ಸೀರೆಗೆ ಒರಸಿ, ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿದಳು. ಈಗಲೂ ಮನೆ ಕಟ್ಟುವವರು ರಸ್ತೆಯ ಬದಿಯಲ್ಲಿ ಮರಳು ಸುರಿದಿದ್ದರೆ, ಆ ಹಸಿ ವಾಸನೆ ಮೂಗಿಗೆ ಬಡಿದರೆ, ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಜೊತೆಯಲ್ಲಿದ್ದವರು ಸುಸ್ತಾಯಿತೇ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.

ನಮ್ಮ ಮನೆ ನಂತೂರಿನ ಏರಿನಲ್ಲಿತ್ತು. ಇಂದು ಅಲ್ಲಿ ನಾಲ್ಕು ಕಡೆಯಿಂದ ಲಾರಿಗಳು ಬಂದು ಒಂದರ ಮೈಮೇಲೆ ಒಂದು ಹಾರ್ನ್ ಹೊಡೆಯುತ್ತವೆ; ಅಂದು ಕೆಂಪು ದೂಳಿನ ದಾರಿ, ಗೇರುಮರಗಳು, ದೂರದೂರ ಐದಾರು ಮನೆಗಳು. ತಾಯಿ ತೀರಿಕೊಂಡಾಗ ನನಗೆ ಐದು ವರ್ಷ, ತಂಗಿ ಹಿಲ್ಡಾಳಿಗೆ ಮೂರು. ತಂದೆ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಬರೆಯುವ ಕೆಲಸದವರು, ಹೆಚ್ಚು ಮಾತಿನವರಲ್ಲ. ನಮ್ಮನ್ನು ಸಾಕಿದವಳು ರೆಜಿನಾ. ಅದಕ್ಕೂ ಮೊದಲು ತನ್ನ ಕೊನೆಯ ತಂಗಿ ಸೆಲಿನ್‌ಳನ್ನು ಸಾಕಿದವಳೂ ಅವಳೇ. ಕೊಂಕಣಿಯಲ್ಲಿ ತಂದೆಯ ಅಕ್ಕತಂಗಿಯರನ್ನು ಆಕಯ್ ಎನ್ನುತ್ತೇವೆ. ನಮಗೆ ಇಬ್ಬರೂ ಆಕಯ್‌ಗಳೇ. ನಾವು ಮನೆಯಲ್ಲಿ ಆಡುತ್ತಿದ್ದುದು ಕೊಂಕಣಿ, ದೋಣಿಯವರೊಡನೆ ತುಳು. ಎಲ್ಲರ ಮಾತುಗಳನ್ನೂ ನನಗೆ ತಿಳಿದ ಮಟ್ಟಿಗೆ ಕನ್ನಡದಲ್ಲಿ ಇಡುತ್ತಿದ್ದೇನೆ.

ಮನೆಯ ಎದುರಿನ ಅಂಗಳದ ಮೂರು ಬದಿಯಲ್ಲೂ ರೆಜಿನಾ ಆಕಯ್‌ಳ ಮಲ್ಲಿಗೆ. ಕಾರ್ಖಾನೆಯಿಂದ ತಂದೆ ತರುತ್ತಿದ್ದ ಒಡಕು ಹಂಚುಗಳನ್ನು ಓರೆಯಾಗಿ ಹೂತು ಪಾತಿಗಳಿಗೆ ಅಂಚು ಕಟ್ಟಿದ್ದಳು. ಒಟ್ಟು ಇಪ್ಪತ್ತೊಂದು ಬುಡಗಳು. ಏಳು ವರ್ಷಗಳ ಹಿಂದೆ ಯಾರದೋ ಮನೆಯಿಂದ ತಂದ ಒಂದೇ ಗಿಡದ ಕಡ್ಡಿಗಳಿಂದ ಎಬ್ಬಿಸಿದವು ಅವೆಲ್ಲ. ಬಿಸಿಲು ಏರುವ ಮೊದಲು ಅವಳು ಮೊಗ್ಗು ಕೊಯ್ಯುವಾಗ ನಾವು ಬುಟ್ಟಿ ಹಿಡಿದು ಹಿಂದೆ ಹೋಗುತ್ತಿದ್ದೆವು. ಶನಿವಾರದ ಹೂವು ತಾಯಿಯ ಸಮಾಧಿಗೆ, ಆದಿತ್ಯವಾರದ್ದು ಇಗರ್ಜಿಯ ಪ್ರಾರ್ಥನೆಗೆ. ಸಂಜೆ ಬಾವಿಯಿಂದ ನೀರು ಸೇದಿ ಬುಡಬುಡಕ್ಕೂ ಅವಳೇ ಹೊಯ್ಯಬೇಕು, ಬೇರೆಯವರು ಹೊಯ್ದರೆ ಬೇರು ತೊಳೆದುಹೋಗುತ್ತದೆ ಎಂದು ಅವಳ ನಂಬಿಕೆ. ಐವತ್ತೆಂಟರಲ್ಲಿ ಸೆಲಿನ್ ಆಕಯ್‌ಳ ಮದುವೆ ಗೊತ್ತಾಯಿತು. ಗಂಡು ಬೊಂಬಾಯಿಯಲ್ಲಿ ಕೆಲಸದಲ್ಲಿದ್ದವನು. ನೆರೆಮನೆಯ ಹೆಂಗಸೊಬ್ಬಳು ಬೇಲಿಯಾಚೆಯಿಂದ, "ತಂಗಿಯೂ ಹೋಗ್ತಾಳೆ. ನಾಳೆ ಈ ಹುಡುಗಿಯೂ ದೊಡ್ಡವಳಾಗಿ ಹೋಗ್ತಾಳೆ. ಮತ್ತೆ ನಿನಗೆ ಎಂತ ಉಂಟು ರೆಜಿನಾ?" ಎಂದು ಕೇಳಿದ್ದು ನನಗೆ ನೆನಪಿದೆ. ಆಕಯ್ ಮೊಗ್ಗು ಕೊಯ್ಯುವುದನ್ನು ನಿಲ್ಲಿಸದೆ ಹೇಳಿದಳು: "ಇವರು ಇಪ್ಪತ್ತೊಂದು ಜನ ಇದ್ದಾರಲ್ಲ. ಇವರು ಯಾರೂ ಮದುವೆಯಾಗಿ ಬೊಂಬಾಯಿಗೆ ಹೋಗುವುದಿಲ್ಲ." ಇಬ್ಬರೂ ನಕ್ಕರು. ನಾನೂ ನಕ್ಕೆ.

ಮದುವೆಯ ಮನೆಯೆಂದರೆ ಅಂಗಳಕ್ಕೆ ಚಪ್ಪರ ಹಾಕಿ, ಅದರ ಕೆಳಗೆ ಹೊಸ ಹೊಯ್ಗೆ ಹರಡಬೇಕು. ಮರಳಿಗೆ ನಮ್ಮೂರಿನಲ್ಲಿ ಹೊಯ್ಗೆ ಎಂದೇ ಹೆಸರು. ಕೆಂಪು ಮಣ್ಣಿನ ಮೇಲೆ ಬೆರಳಗಲದಷ್ಟು ದಪ್ಪಕ್ಕೆ ಬಿಳಿ ಹೊಯ್ಗೆ ಬಿದ್ದರೆ ಮಾತ್ರ ಅದು ಮದುವೆಯ ಅಂಗಳ. ನಮ್ಮ ಮನೆಗೆ ಅದು ಬರುತ್ತಿದ್ದುದು ಬೆಂಗ್ರೆಯಿಂದ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಆ ಉದ್ದ ದಿಣ್ಣೆಯಿಂದ. ಅಲ್ಲಿನ ಕಾಂತಣ್ಣ ಎಂಬ ಮೀನುಗಾರರು ತಂದೆಗೆ ಹಳೆಯ ಪರಿಚಯ. ಪ್ರತಿ ಬೇಸಿಗೆ ರಜೆಯಲ್ಲಿ ನಾನೂ ಹಿಲ್ಡಾಳೂ ಒಂದೆರಡು ಸಲ ಬಂದರಿನಿಂದ ದೋಣಿ ಹತ್ತಿ ಅವರಲ್ಲಿಗೆ ಹೋಗುವುದಿತ್ತು. ಅವರ ಮಗಳು ವಾರಿಜ ನನ್ನ ವಯಸ್ಸಿನವಳು. ಏಡಿಯ ಬಿಲದೊಳಗೆ ಮೊಣಕೈವರೆಗೆ ಕೈ ಹಾಕುವುದಕ್ಕೂ, ಒಣಗಲು ಹಾಕಿದ ಬಲೆಯನ್ನು ತುಳಿಯದೆ ಓಡುವುದಕ್ಕೂ ನಮಗೆ ಕಲಿಸಿದವಳು. ಆ ಸಲ ಹೊರಡುವಾಗ ಸೆಲಿನ್ ಆಕಯ್ ನನ್ನ ಅಂಗಿಯ ಗುಂಡಿ ಹಾಕುತ್ತ, "ರೊಬಿ, ನನಗೆ ಸಕ್ಕರೆಯ ಹಾಗೆ ಬಿಳಿ ಹೊಯ್ಗೆ ತರಬೇಕು, ಗೊತ್ತಾಯ್ತಾ? ಬೂದಿಯ ಹಾಗಿನದ್ದು ತಂದರೆ ನಾನು ಮದುವೆಯೇ ಆಗುವುದಿಲ್ಲ," ಎಂದಳು. ತಮಾಷೆಗೆ ಹೇಳಿದ್ದು. ನನಗೆ ಹತ್ತು ವರ್ಷ. ಅರ್ಧ ತಮಾಷೆಯೆಂದು ತಿಳಿಯಿತು, ಅರ್ಧ ತಿಳಿಯಲಿಲ್ಲ.

ಅದು ಮದುವೆಯ ಹಿಂದಿನ ವಾರ. ಕಾಂತಣ್ಣ ನಮ್ಮನ್ನು ದಿಣ್ಣೆಯ ಎತ್ತರದ ಜಾಗಕ್ಕೆ, ತೆಂಗಿನ ಸಾಲಿನ ಕೆಳಗೆ ಕರೆದುಕೊಂಡು ಹೋದರು. "ನೋಡಿ ಸಣ್ಣ ಪೊರ್ಬುಗಳೇ," ಎಂದರು. ತುಳು ಮಾತಾಡುವವರು ಕೊಂಕಣಿ ಕ್ರೈಸ್ತರಾದ ನಮ್ಮನ್ನು ಕರೆಯುತ್ತಿದ್ದುದೇ ಹಾಗೆ. "ಇಲ್ಲಿಂದ ತುಂಬಿಸಬೇಕು. ಇದು ಮೂರು ನಾಲ್ಕು ಮಳೆಗಾಲ ಕಂಡ ಹೊಯ್ಗೆ." ಎರಡು ಗೋಣಿ ಅವರೇ ತುಂಬಿಸಿ, ಊಟ ಮಾಡಿ ಬರುತ್ತೇನೆಂದು ಹೋದರು. ಉಳಿದವು ಎಂಟು ಗೋಣಿಗಳು, ನಾವು ಮೂವರು ಮಕ್ಕಳು. ಆ ಹೊಯ್ಗೆ ಮಾಸಲು ಬಣ್ಣದ್ದು. ಅದರಲ್ಲಿ ತೆಂಗಿನ ನಾರು, ಒಣ ಎಲೆ, ಇರುವೆ. ಕೆಳಗೆ, ಅಲೆ ಬಂದು ಹಿಂದೆ ಹೋಗುವಲ್ಲಿ, ಬಿಸಿಲಿಗೆ ಕಣ್ಣು ಕೋರೈಸುವಷ್ಟು ಬಿಳಿಯದಿತ್ತು. ಸಕ್ಕರೆಯ ಹಾಗೆಯೇ ಇತ್ತು. ನಾನು ಬುಟ್ಟಿ ತೆಗೆದುಕೊಂಡು ಕೆಳಗೆ ಇಳಿದೆ. ವಾರಿಜ ನಿಂತಲ್ಲೇ ನಿಂತು, "ಅದು ಬೇಡ ಮಾರಾಯ. ಅದು ಉಪ್ಪು ಹೊಯ್ಗೆ. ಗಿಡಕ್ಕೆ ಬಿದ್ದರೆ ಗಿಡ ಸಾಯ್ತದೆ," ಎಂದು ಕೂಗಿದಳು. ನಾನು ತಿರುಗಿ ಹೇಳಿದ ಮಾತು ಅಕ್ಷರಕ್ಕೆ ಅಕ್ಷರ ನೆನಪಿದೆ. "ನಮ್ಮದು ಗಿಡಕ್ಕೆ ಅಲ್ಲ, ಚಪ್ಪರಕ್ಕೆ." ಅವಳು, "ಅಪ್ಪ ಬೈದರೆ ನಾನಿಲ್ಲ, ಆಯ್ತಾ?" ಎಂದಳು; ಆಮೇಲೆ ತಾನೂ ಬಂದು ಬುಟ್ಟಿ ಹೊರಲು ಕೈ ಜೋಡಿಸಿದಳು. ಎಂಟು ಗೋಣಿಗಳನ್ನೂ ಅಲ್ಲಿಂದಲೇ ತುಂಬಿಸಿದೆವು. ಪ್ರತಿಯೊಂದರ ಬಾಯಿಗೆ ಮೇಲಿನ ಮಾಸಲು ಹೊಯ್ಗೆ ಎರಡು ಹಿಡಿ ಹಾಕಿದವಳು ಹಿಲ್ಡಾ. ಹಾಕು ಎಂದು ಹೇಳಿದವನು ನಾನು. ಕಾಂತಣ್ಣ ಬಂದು ಒಂದು ಗೋಣಿ ಎತ್ತಿ, "ಎಂತ ಇದು, ಹೊಯ್ಗೆಯಾ ಸೀಸವಾ? ಪೊರ್ಬುಗಳ ಮಕ್ಕಳಿಗೆ ಆಸೆ ಜಾಸ್ತಿ, ಬಾಯಿತನಕ ಒತ್ತಿ ತುಂಬಿಸಿದ್ದಾರೆ!" ಎಂದು ನಕ್ಕರು. ದೋಣಿಯಲ್ಲಿ ಬಂದರಿಗೆ, ಬಂದರಿನಿಂದ ಎತ್ತಿನ ಗಾಡಿಯಲ್ಲಿ ಮನೆಗೆ. ಅಂಗಳದಲ್ಲಿ ಸುರಿದಾಗ ತಂದೆ ಕೇಳಿದರು, "ಇಷ್ಟು ಒಳ್ಳೆಯದು ಎಲ್ಲಿ ಸಿಕ್ಕಿತು?" ಕಾಂತಣ್ಣ ತೋರಿಸಿದ ಜಾಗದಲ್ಲೇ ಎಂದೆ. ಆ ಸುಳ್ಳು ನನಗೆ ಯಾವ ಕಷ್ಟವನ್ನೂ ಕೊಡಲಿಲ್ಲ.

ಮದುವೆಯ ಮುನ್ನಾದಿನದ ಸಂಜೆ ನಮ್ಮಲ್ಲಿ ರೋಸ್. ಹುಡುಗಿಯನ್ನು ಚಪ್ಪರದ ಕೆಳಗೆ ಮಣೆಯ ಮೇಲೆ ಕೂರಿಸಿ, ಮನೆಯವರೂ ನೆಂಟರೂ ಒಬ್ಬೊಬ್ಬರಾಗಿ ತೆಂಗಿನ ಹಾಲು ಹಚ್ಚಿ, ಕೊಡದಲ್ಲಿ ಉಳಿದದ್ದನ್ನು ತಲೆಯ ಮೇಲೆ ಹೊಯ್ಯುವ ಶಾಸ್ತ್ರ. ಹಗಲಿಡೀ ಹೆಂಗಸರು ಕಾಯಿ ತುರಿದು ಹಿಂಡಿದ್ದರು. ಮನೆಯಿಡೀ ಕಾಯಿಹಾಲಿನ, ಮಲ್ಲಿಗೆಯ, ಹಬೆಯಲ್ಲಿ ಬೇಯುತ್ತಿದ್ದ ಸಣ್ಣ ಎಂಬ ಅಕ್ಕಿಕಡುಬುಗಳ ವಾಸನೆ. ಮೊದಲ ಕೈ ಯಾರದ್ದು ಎಂಬ ಮಾತು ಬಂತು. ಮದುವೆಯಾಗದವಳ ಕೈ ಮೊದಲು ಬೇಡ ಎಂದು ಹಿರಿಯರೊಬ್ಬರು ಮೆಲ್ಲನೆ ಅಂದರು. ಮಣೆಯ ಮೇಲಿದ್ದ ಸೆಲಿನ್ ಆಕಯ್ ತಲೆಯೆತ್ತಿ, "ಅಕ್ಕನ ಕೈ ಬೀಳದೆ ನಾನು ಇಲ್ಲಿಂದ ಏಳುವುದಿಲ್ಲ. ನೀವೆಲ್ಲ ಊಟ ಮಾಡಿ ಮನೆಗೆ ಹೋಗಿ," ಎಂದಳು. ಯಾರೋ ನಕ್ಕರು, ಮತ್ತೆ ಎಲ್ಲರೂ ನಕ್ಕರು. ರೆಜಿನಾ ಆಕಯ್ ಹಾಲಿಗೆ ಕೈ ಅದ್ದಿ ತಂಗಿಯ ಹಣೆಗೆ, ಕೆನ್ನೆಗೆ, ತೋಳಿಗೆ ಹಚ್ಚಿದಳು. ಹೊಯ್ದ ಹಾಲು ಬಿಳಿಯ ಹೊಯ್ಗೆಗೆ ಬಿದ್ದು ಎಲ್ಲಿ ಹಾಲು, ಎಲ್ಲಿ ಹೊಯ್ಗೆ ಎಂದು ತಿಳಿಯದಂತೆ ಇಂಗಿತು. ಇಷ್ಟು ಬಿಳಿಯ ಅಂಗಳ ಯಾವ ಮದುವೆಯಲ್ಲೂ ನೋಡಿಲ್ಲ ಎಂದು ಬಂದವರೆಲ್ಲ ಹೇಳಿದರು. ತಂದೆ ನನ್ನ ಭುಜದ ಮೇಲೆ ಕೈಯಿಟ್ಟು, ಇವನೇ ತಂದದ್ದು ಎಂದರು. ಅವರು ನನ್ನ ಬಗ್ಗೆ ನಾಲ್ಕು ಜನರ ಮುಂದೆ ಹಾಗೆ ಮಾತಾಡಿದ್ದು ಅದೇ ಮೊದಲು. ಮರುದಿನ ಮದುವೆ ಆಯಿತು, ಇಪ್ಪತ್ತೊಂದು ಗಿಡಗಳ ಹೂವೂ ಮದುಮಗಳ ಮುಡಿಗೆ ಹೋಯಿತು. ಮೂರನೆಯ ದಿನ ಅವಳು ಹೊರಟುಹೋದಳು.

ಚಪ್ಪರ ಬಿಚ್ಚಿದ ದಿನ ರೆಜಿನಾ ಆಕಯ್ ಹೊಯ್ಗೆಯನ್ನೆಲ್ಲ ಗುಡಿಸಿ ರಾಶಿ ಮಾಡಿದಳು. ಮನೆ ಬರಿದಾಗಿತ್ತು, ಅವಳಿಗೆ ಕೈಗೊಂದು ಕೆಲಸ ಬೇಕಾಗಿತ್ತೆಂದು ಈಗ ಅನಿಸುತ್ತದೆ. "ರೊಬಿ, ಬುಟ್ಟಿ ತಾ. ಇದನ್ನು ಮಲ್ಲಿಗೆಗೆ ಹಾಕುವ. ಈ ಕೆಂಪು ಮಣ್ಣು ಭಾರೀ ಗಟ್ಟಿ, ಬೇರಿಗೆ ಉಸಿರಾಡಲಿಕ್ಕೆ ಆಗುವುದಿಲ್ಲ. ಬೆಂಗ್ರೆಯ ಹೊಯ್ಗೆ ಒಳ್ಳೆಯದು, ಮಳೆಗೆ ತೊಳೆದದ್ದು," ಎಂದಳು. ನೀವು ನಂಬಬೇಕು, ವಾರಿಜಳ ಮಾತು ಆ ಕ್ಷಣದಲ್ಲಿ ನನಗೆ ನೆನಪಾಯಿತು. ಮರೆತಿದ್ದೆ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ. ಹೇಳಿದರೆ ತಂದೆಗೆ ಹೇಳಿದ ಸುಳ್ಳು ಹೊರಬೀಳುತ್ತದೆ, ಭುಜದ ಮೇಲಿನ ಆ ಕೈ ಹೋಗುತ್ತದೆ ಎಂದಷ್ಟೇ ಯೋಚಿಸಿದೆ. ಬುಟ್ಟಿ ತಂದೆ. ಬುಡಬುಡಕ್ಕೂ ನಾನೇ ಹೊತ್ತು ಸುರಿದೆ. ಅವಳು ಕೈಯಿಂದ ಮಣ್ಣಿಗೆ ಬೆರೆಸುತ್ತ ಬಂದಳು. ಹಿಲ್ಡಾ ಮೆಟ್ಟಿಲ ಮೇಲೆ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳೂ ಮಾತಾಡಲಿಲ್ಲ, ಅವಳಿಗೆ ಎಂಟು ವರ್ಷ, ನಾನು ಅವಳ ಅಣ್ಣ.

ನಾಲ್ಕೈದು ದಿನಗಳಲ್ಲಿ ಎಲೆಯ ಅಂಚುಗಳು ಇಸ್ತ್ರಿಪೆಟ್ಟಿಗೆ ತಾಗಿದಂತೆ ಕಂದಿದವು. ಆಮೇಲೆ ಮೊಗ್ಗು ಬಿರಿಯದೆ ಉದುರತೊಡಗಿತು. ಬಾವಿಯಲ್ಲಿ ನೀರು ತಳ ಕಂಡಿತ್ತು. ಆದರೂ ಆಕಯ್ ಬೆಳಿಗ್ಗೆ ಸಂಜೆ ಸೇದಿ ಹೊಯ್ದಳು. ಹುಳು ಎಂದು ಒಬ್ಬರು ಹೇಳಿದರು, ಮದುವೆಗೆ ಬಂದವರ ಕಣ್ಣು ಬಿದ್ದದ್ದು ಎಂದು ಇನ್ನೊಬ್ಬರು. ಅವಳು ಬೂದಿ ಹಾಕಿ ನೋಡಿದಳು, ಬೇವಿನ ಎಲೆಯ ನೀರು ಚಿಮುಕಿಸಿದಳು, ಒಂದು ದಿನ ಪಾದ್ರಿಗಳಿಂದ ತೀರ್ಥವನ್ನೂ ತಂದಳು. ನಾನು ಪ್ರತಿ ಸಂಜೆ ಕೊಡ ಹೊತ್ತು ಅವಳ ಹಿಂದೆ ಹೋದೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ದಿನಗಳು ಹೋದವು. ಮೊದಲ ಮಳೆ ಬೀಳುವ ಮೊದಲೇ ಇಪ್ಪತ್ತೊಂದರಲ್ಲಿ ಒಂದಕ್ಕೂ ಹಸಿರಿರಲಿಲ್ಲ. ಆಗಲೇ ಅವಳು ಆ ಚಿಟಿಕೆ ಹೊಯ್ಗೆಯನ್ನು ನಾಲಿಗೆಗೆ ಮುಟ್ಟಿಸಿ ನನ್ನನ್ನು ನೋಡಿದ್ದು. ಬೈದಿದ್ದರೆ ನಾನು ಅಲ್ಲೇ ಅತ್ತು ಮುಗಿಸುತ್ತಿದ್ದೆ. ಅವಳು ಎದ್ದು ಒಳಗೆ ಹೋದಳು. ಅಂದು ಊಟಕ್ಕೆ ಕೂತಾಗ ತಂದೆ, ಗಿಡಗಳಿಗೆ ಎಂತ ಆಯಿತು ಎಂದು ಕೇಳಿದರು. ಆಕಯ್ ನನ್ನ ತಟ್ಟೆಗೆ ಮೀನಿನ ಸಾರು ಬಡಿಸುತ್ತ, "ನಾನೇ ಮೀನಿನ ಗೊಬ್ಬರ ಜಾಸ್ತಿ ಹಾಕಿದೆ. ಸುಟ್ಟುಹೋಯಿತು. ಯಾರದ್ದೂ ತಪ್ಪಲ್ಲ," ಎಂದಳು. ಹಾಕಿದ್ದು ಎಷ್ಟೆಂದು ನಾನು ಕಂಡಿದ್ದೆ. ಪ್ರತಿ ವರ್ಷ ಹಾಕುವಷ್ಟೇ ಹಾಕಿದ್ದಳು.

ಮಳೆ ಬಂತು, ಉಪ್ಪು ತೊಳೆದುಹೋಯಿತು. ಆ ಪಾತಿಗಳಲ್ಲಿ ಅವಳು ಹರಿವೆ ಬಿತ್ತಿದಳು, ಅಲಸಂಡೆ ಹಾಕಿದಳು. ಅವು ಚೆನ್ನಾಗಿಯೇ ಬಂದವು. ಮಲ್ಲಿಗೆಯ ಕಡ್ಡಿ ತಂದುಕೊಡುತ್ತೇವೆಂದು ಎಷ್ಟೋ ಜನ ಹೇಳಿದರೂ ಬೇಡ ಎಂದಳು. ಮರುವರ್ಷ ರಜೆಯಲ್ಲಿ ನಮ್ಮನ್ನು ಎಂದಿನಂತೆ ಬೆಂಗ್ರೆಗೆ ಕಳುಹಿಸಿದಳು. ಗೇಟಿನವರೆಗೆ ಬಂದು, "ಈ ಸಲ ಹೊಯ್ಗೆ ಎಂತದ್ದೂ ಬೇಡ. ನೀವು ಇಬ್ಬರು ಸರಿಯಾಗಿ ಬಂದರೆ ಸಾಕು," ಎಂದಳು. ಆಗ ಅವಳು ಅದರ ಬಗ್ಗೆ ಅಂದದ್ದು ಅಷ್ಟೇ. ನಾನು ದೋಣಿಯಲ್ಲಿ ಇಡೀ ದಾರಿ ನೀರನ್ನೇ ನೋಡುತ್ತ ಕುಳಿತಿದ್ದೆ.

ಅರವತ್ತಾರರ ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ನಾನು ಆಗ ಕಾಲೇಜಿನಲ್ಲಿ ಓದುತ್ತಿದ್ದೆ. ಒಂದು ಮಧ್ಯಾಹ್ನ ಅವಳ ಬಳಿ ನಾನೊಬ್ಬನೇ ಇದ್ದಾಗ, ಎಂಟು ವರ್ಷ ಹೊತ್ತದ್ದನ್ನು ಇಳಿಸಿಬಿಡಬೇಕೆಂದು ಬಾಯಿ ತೆರೆದೆ. "ಆಕಯ್, ಸೆಲಿನ್ ಆಕಯ್‌ಳ ಮದುವೆಯ ಆ ಹೊಯ್ಗೆ..." ಎಂದೆ. ಮುಂದೆ ಹೋಗಲು ಅವಳು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಬಿಳಿ ಇತ್ತು ಅಲ್ವಾ ಪುತಾ," ಎಂದಳು. ಆಮೇಲೆ, "ಅದರ ಮೇಲೆ ಅವಳು ಕೂತದ್ದು ಎಷ್ಟು ಚಂದ ಇತ್ತು," ಎಂದಳು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹದಿನೈದು ದಿನಗಳ ಮೇಲೆ ಅವಳನ್ನು ನನ್ನ ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದೆವು. ಆ ದಿನದ ಮಲ್ಲಿಗೆಯನ್ನು ಮಾರ್ಕೆಟಿನಿಂದ ತರಬೇಕಾಯಿತು.

ಮನೆ ಈಗಿಲ್ಲ. ರಸ್ತೆ ಅಗಲವಾದಾಗ ಅಂಗಳ ಹೋಯಿತು, ಆಮೇಲೆ ಬಾವಿ, ಕೊನೆಗೆ ಮನೆ. ಮಲ್ಲಿಗೆ ಪಾತಿ ಇದ್ದ ಜಾಗ ನನ್ನ ಲೆಕ್ಕದಲ್ಲಿ ಈಗ ಬಸ್ಸುಗಳು ತಿರುಗುವಲ್ಲಿ ಬರುತ್ತದೆ. ನಾಲ್ಕಾರು ಹೆಜ್ಜೆ ಆಚೀಚೆ ಇರಬಹುದು. ತಂದೆ, ಕಾಂತಣ್ಣ, ಬೊಂಬಾಯಿಯಲ್ಲೇ ಕೊನೆಯವರೆಗೆ ಇದ್ದ ಸೆಲಿನ್ ಆಕಯ್, ಎಲ್ಲರೂ ಹೋದರು. ಹೊಯ್ಗೆಯನ್ನು ಎಲ್ಲಿಂದ ತುಂಬಿಸಿದೆವೆಂದು ಕಂಡವಳು ವಾರಿಜ ಇದ್ದಾಳೆ, ಬೆಂಗ್ರೆಯಲ್ಲಿ ಮೊಮ್ಮಕ್ಕಳ ಜೊತೆ. ರೆಜಿನಾ ಆಕಯ್ ಆ ಚಿಟಿಕೆಯನ್ನು ನಾಲಿಗೆಗೆ ಇಟ್ಟದ್ದನ್ನು ನನ್ನನ್ನು ಬಿಟ್ಟರೆ ಕಂಡವಳು ಹಿಲ್ಡಾ ಒಬ್ಬಳೇ. ಅವಳು ಆ ಹೊತ್ತಿನಲ್ಲಿ ಬಾವಿಯ ಪಕ್ಕದ ಪೇರಳೆ ಮರದ ಮೇಲೆ ಕುಳಿತಿದ್ದಳು. ಈಗ ಪಡೀಲಿನಲ್ಲಿ ಮಗನ ಮನೆಯಲ್ಲಿದ್ದಾಳೆ, ಕಣ್ಣು ಸ್ವಲ್ಪ ಮಂಜು, ನೆನಪು ಚೆನ್ನಾಗಿದೆ. ನಾನು ಬರೆದುದರಲ್ಲಿ ತಪ್ಪಿದ್ದರೆ ಅವರಿಬ್ಬರನ್ನು ಕೇಳಬಹುದು. ಬೇರೆ ಯಾರೂ ಉಳಿದಿಲ್ಲ.