ಕಣಿವೆಗೆ ಇಳಿದ ಸೀತಾಲಕ್ಷ್ಮಿ

ಸೀತಾಲಕ್ಷ್ಮಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಸೋಫಾದ ಮೇಲೆ ಕೂತರೆ, ಅರ್ಧ ಕುಡಿಯುವಷ್ಟರಲ್ಲಿ ಎದ್ದು ಗೇಟಿನ ತನಕ ಹೋಗಿ ಬರುವಳು. ಧಾರಾವಾಹಿಯನ್ನು ನಿಂತೇ ನೋಡುವಳು. ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬರುವ ತನಕ ಕಾಯುವುದೂ ಅವಳಿಗೆ ಹಿಂಸೆ.

"ಏನೇ ಇದು, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದು ಗಂಡ ನಗುತ್ತಿದ್ದ. ಅವನ ಹೆಸರು ಕೃಷ್ಣಮೂರ್ತಿ. ಹನುಮಂತನಗರದ ಹುಟ್ಟಿದ ಮನೆಯಲ್ಲೇ ಬೆಳೆದು, ಅಲ್ಲೇ ಇದ್ದು ಬ್ಯಾಂಕಿನಿಂದ ರಿಟೈರ್ ಆದವನಾದ್ದರಿಂದ ಬೀದಿಗೆಲ್ಲ ಇಂದಿಗೂ ಕಿಟ್ಟಿ.

ಸೀತಾಲಕ್ಷ್ಮಿ ಮೊದಲಿನಿಂದ ಹೀಗಿದ್ದವಳಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಕಾಲು ಚಾಚಿ ಕಾದಂಬರಿ ಓದುತ್ತಿದ್ದ ಹುಡುಗಿ. ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಒಂಬತ್ತು ವರ್ಷ ಅವರು ಹಾಸಿಗೆಯಲ್ಲಿದ್ದರು. ಕೆಟ್ಟವರಲ್ಲ. ಆದರೆ ಮಾತು ಹೋಗಿತ್ತು, ಸೊಸೆ ಕಣ್ಣ ಮುಂದೆ ಇಲ್ಲದಿದ್ದರೆ ಗಾಬರಿಯಾಗುತ್ತಿತ್ತು. ಆಗ ಸ್ವಾಧೀನವಿದ್ದ ಎಡಗೈಯಿಂದ ಮಂಚದ ಕಟ್ಟಿಗೆಯನ್ನು ಬಡಿಯುತ್ತಿದ್ದರು. ಟಕ್, ಟಕ್, ಟಕ್. ಒಲೆ ಸಣ್ಣ ಮಾಡಿ ಓಡಬೇಕು, ಸೋಪು ಬಳಿದುಕೊಂಡ ಮೈಗೆ ಸೀರೆ ಸುತ್ತಿಕೊಂಡು ಓಡಬೇಕು. ಸಂಜೆ ಕಿಟ್ಟಿ ಬಂದು, "ಹೇಗಿದೀಯಮ್ಮ?" ಎಂದು ಅಮ್ಮನ ಹಣೆ ಸವರಿ, ಪದಬಂಧ ಬಿಡಿಸಲು ಕೂರುತ್ತಿದ್ದ. ಆ ಒಂಬತ್ತು ವರ್ಷದಲ್ಲಿ ಸೀತಾಲಕ್ಷ್ಮಿ ತನ್ನ ತಮ್ಮನ ಮದುವೆಯನ್ನೂ ಫೋಟೋದಲ್ಲೇ ನೋಡಿದಳು.

ಅತ್ತೆ ಹೋದರು. ವೈಕುಂಠ ಸಮಾರಾಧನೆ ಮುಗಿದ ಮರುದಿನ ಎಲ್ಲರೂ ಹೇಳಿದ್ದು ಒಂದೇ ಮಾತು, "ಇನ್ನಾದ್ರೂ ರೆಸ್ಟ್ ತಗೋ." ಅವಳು ಮಲಗಿದಳು. ಖಾಲಿ ಕೋಣೆಯಿಂದ ಟಕ್, ಟಕ್ ಎಂದು ಕೇಳಿದಂತಾಗಿ ಎದ್ದು ಚಪ್ಪಲಿ ಮೆಟ್ಟಿ ರಾಮಾಂಜನೇಯ ಗುಡ್ಡ ಹತ್ತಿದಳು. ಇಳಿದು, ಮತ್ತೆ ಹತ್ತಿದಳು. ಗುಡ್ಡ ಸಾಲದಾಯಿತು. ಬನಶಂಕರಿ ದೇವಸ್ಥಾನಕ್ಕೆ ನಡೆದೇ ಹೋಗಿ ಬಂದಳು, ಲಾಲ್‌ಬಾಗ್ ಸುತ್ತಿದಳು. ಅಲ್ಲಿ ಸಿಕ್ಕಿದವನು ಜಯನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಚಿದಾನಂದ್. ಭಾನುವಾರಗಳಲ್ಲಿ ಜನ ಕಟ್ಟಿಕೊಂಡು ಬೆಟ್ಟ ಕಾಡು ಅಲೆಯುವುದು ಅವನ ಹುಚ್ಚು. "ಆಂಟಿ, ನೀವು ನಡೆಯೋ ಸ್ಪೀಡಿಗೆ ಪಾರ್ಕ್ ಎಲ್ಲಿ ಸಾಕಾಗುತ್ತೆ? ನಮ್ಜೊತೆ ಬನ್ನಿ" ಎಂದ. ಹೋದಳು. ಪ್ರತಿ ಭಾನುವಾರ ಹೋದಳು.

"ಅಲ್ಲಿ ಏನಿದೆ ಅಂತ ಹೋಗ್ತೀಯ?" ಎಂದು ಕಿಟ್ಟಿ ಕೇಳಿದರೆ, "ಏನೂ ಇಲ್ಲ. ನಡೆಯೋದು" ಎನ್ನುವಳು. ಕೊನೆಗೊಂದು ದಿನ ಅವನು ಹೊಸ ಶೂ ತಂದು, "ಈ ಸಲ ನಾನೂ ಬರ್ತೀನಿ" ಎಂದ. ಅವಳಿಗೆ ಇಷ್ಟವಾಗಲಿಲ್ಲ. ಬೇಡವೆನ್ನಲು ಕಾರಣ ಹೊಳೆಯಲಿಲ್ಲ.

ಆ ಭಾನುವಾರ ಹೊರಟಿದ್ದು ಕನಕಪುರದಾಚೆ, ಕಾವೇರಿ ನದಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುವ ಕಣಿವೆಗೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾಡು ಕಾಯುವ ಒಬ್ಬ ವಾಚರನ್ನು ಜೊತೆಗೆ ಕರೆದುಕೊಂಡು, ಬೆಟ್ಟದ ನೆತ್ತಿಯಿಂದ ನೀರಿನ ತನಕ ಇಳಿಯಬೇಕು. ದಾರಿಯೆಂದರೆ ಬಿದಿರು ಮೆಳೆಗಳ ಸಂದಿಯಲ್ಲಿ ಕಡಿದಾಗಿ ಜಾರುವ ಒಂದು ಗೀರು. ಕಾಲಿಟ್ಟಲ್ಲೆಲ್ಲ ಸಡಿಲ ಜಲ್ಲಿ. ಅಲ್ಲಲ್ಲಿ ಒಣಗಿದ ಆನೆ ಲದ್ದಿ. ನದಿ ಕಾಣುತ್ತಿರಲಿಲ್ಲ, ಅದರ ಮೊರೆತ ಮಾತ್ರ ಕೆಳಗಿನಿಂದ ಏರಿ ಬರುತ್ತಿತ್ತು. ಸೀತಾಲಕ್ಷ್ಮಿ ಬೇರು ಹಿಡಿದು, ಬಂಡೆಗೆ ಅಂಗೈ ಊರಿ, ಸರಸರ ಇಳಿಯುತ್ತಿದ್ದಳು. ಹಿಂದಿನಿಂದ "ಸೀತಾ, ನಿಧಾನ ಕಣೇ" ಎಂಬ ಕೂಗು. ಅವಳು ನಿಲ್ಲುವಳು, ತುಟಿ ಕಚ್ಚುವಳು, ಅವನು ಹತ್ತಿರ ಬರುತ್ತಲೇ ಮುಂದೆ ಹೋಗುವಳು.

ಅರ್ಧ ದಾರಿಯಲ್ಲಿ ಕಿಟ್ಟಿ ಜಾರಿ ಬಿದ್ದ. ಮೂಳೆ ಮುರಿಯಲಿಲ್ಲ, ಮಂಡಿ ಉಳುಕಿತು. ಅದಕ್ಕಿಂತ ಹೆಚ್ಚಾಗಿ ಹೆದರಿ ಹೋದ. ಚಿದಾನಂದ್ ಮಂಡಿಗೆ ಬ್ಯಾಂಡೇಜು ಸುತ್ತಿ ಹೇಳಿದ, "ಅಂಕಲ್ ಇಲ್ಲೇ ನೆರಳಲ್ಲಿ ಕೂತಿರ್ಲಿ. ವಾಚರ್ ಇಲ್ಲೇ ಹತ್ರ ಕಾವಲಿರ್ತಾರೆ. ಜೊತೆಗೊಬ್ರು ಕೂತಿದ್ರೆ ಸಾಕು." ಎಲ್ಲರ ಕಣ್ಣೂ ಸಹಜವಾಗಿ ಸೀತಾಲಕ್ಷ್ಮಿಯ ಕಡೆ ತಿರುಗಿದವು.

ಅವಳು ಕೂತಳು. ಗಂಡನ ಬೆವರು ಒರೆಸಿದಳು, ನೀರು ಕುಡಿಸಿದಳು. ಗುಂಪು ಹೊರಡಲು ಚೀಲ ಬಿಗಿಯುತ್ತಿತ್ತು. ನೋವು ಮರೆಯಲೆಂದೋ ಏನೋ, ಕಿಟ್ಟಿ ಕೈಯಲ್ಲಿದ್ದ ಬಿದಿರು ಕೋಲನ್ನು ಬಂಡೆಗೆ ಕುಟ್ಟತೊಡಗಿದ. ಟಕ್, ಟಕ್, ಟಕ್.

ಸೀತಾಲಕ್ಷ್ಮಿ ಚಂಗನೆ ಎದ್ದು ನಿಂತಳು. "ನಾನು ಕೆಳಗೆ ಹೋಗ್ತೀನಿ."

"ನನ್ನ ಬಿಟ್ಟಾ?"

"ಹೂಂ."

ಗುಂಪಿನಲ್ಲಿದ್ದ, ಕಾಲೇಜಿನಲ್ಲಿ ಪಾಠ ಹೇಳುವ ಮಧುಶ್ರೀ ತನ್ನ ಚೀಲವನ್ನು ಕೆಳಗಿಳಿಸಿ, "ನಾನಿರ್ತೀನಿ ಆಂಟಿ, ನಂಗೂ ಕಾಲು ಸಾಕಾಗಿದೆ" ಎಂದಳು. ಸೀತಾಲಕ್ಷ್ಮಿ ಆಗಲೇ ತಿರುವು ದಾಟಿದ್ದಳು.

ನದಿ ಸಿಕ್ಕಿತು. ಹೊಳೆಮತ್ತಿ ಮರಗಳ ಕೆಳಗೆ, ಸವೆದು ನುಣುಪಾದ ಕಪ್ಪು ಬಂಡೆಗಳ ನಡುವೆ ನೀರು ಹೆಣೆದುಕೊಂಡು ನುಗ್ಗುತ್ತಿತ್ತು. ಉಳಿದವರು ಪುಳಿಯೋಗರೆ ಬಿಚ್ಚಿದರು. ಅವಳು ಒಂದು ಬಂಡೆಯಿಂದ ಇನ್ನೊಂದಕ್ಕೆ ಹೋದಳು, ಪಾದ ಅದ್ದಿದಳು, ತೆಗೆದಳು. ಇಷ್ಟು ಆಸೆಪಟ್ಟು ಬಂದ ಜಾಗದಲ್ಲೂ ನಿಲ್ಲಲಾಗಲಿಲ್ಲ. ತಪ್ಪು ಮಾಡಿದೆನೆಂದು ಅನಿಸಲಿಲ್ಲ, ಆದರೆ ಕಣ್ಣು ಮತ್ತೆ ಮತ್ತೆ ಮೇಲಿನ ದಾರಿಯ ಕಡೆ ಹೋಗುತ್ತಿತ್ತು. ಚಿದಾನಂದನಿಗೆ ಹೇಳಿ ಊಟ ಮಾಡದೆ ಮೇಲೆ ಹತ್ತತೊಡಗಿದಳು.

ಬಹಳ ಹತ್ತಬೇಕಾಗಲಿಲ್ಲ. ದಾರಿಯ ನಡುವೆಯೇ ಕಿಟ್ಟಿ ಎದುರಾದ. ಕೂತುಕೊಂಡೇ ಜಾರುತ್ತಾ ಬರುತ್ತಿದ್ದ. ಪ್ಯಾಂಟಿನ ಹಿಂಭಾಗ ಹರಿದು, ಮೊಣಕೈ ತರಚಿತ್ತು. ಒಂದು ಕಡೆ ವಾಚರ್, ಇನ್ನೊಂದು ಕಡೆ ಅಳುಮೋರೆಯ ಮಧುಶ್ರೀ. "ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಆಂಟಿ."

"ತಲೆ ಕೆಟ್ಟಿದೆಯೇನ್ರೀ ನಿಮಗೆ? ಕೂತಿರೋಕೆ ಏನು ಕಷ್ಟ?" ಸೀತಾಲಕ್ಷ್ಮಿ ಕಿರುಚಿದಳು.

"ಆಗ್ಲಿಲ್ಲ ಕಣೇ" ಎಂದ ಕಿಟ್ಟಿ, ಏದುಸಿರು ಬಿಡುತ್ತಾ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ಕೋಲು ಕುಟ್ತಾ ಇದ್ದೆ ಅಂತ ನೀನು ಎದ್ದು ಹೋದ್ಮೇಲೆ ಗೊತ್ತಾಯ್ತು. ಅಮ್ಮ ಬಡೀತಿದ್ದದ್ದು ನಂಗೂ ಕೇಳ್ತಿತ್ತು ಸೀತಾ. ನೀನು ಏಳ್ತೀಯ ಅಂತ ನಾನು ಏಳ್ತಿರ್ಲಿಲ್ಲ."

"ಗೊತ್ತು" ಎಂದಳು ಅವಳು.

ಅಷ್ಟೇ. ಕ್ಷಮಿಸಿದೆನೆಂದು ಹೇಳಲಿಲ್ಲ, ಅವನೂ ಕೇಳಲಿಲ್ಲ. ಬಂದದ್ದು ಸಿಟ್ಟೋ ಅಳುವೋ ಎಂದು ಅವಳಿಗೇ ತಿಳಿಯಲಿಲ್ಲ. ಅವನ ಕಂಕುಳಿಗೆ ಹೆಗಲು ಕೊಟ್ಟು ಕೆಳಗಿನ ತಿರುವಿನ ತನಕ ಕರೆತಂದಳು. ಅಲ್ಲಿಂದ ಮರಗಳ ಸಂದಿಯಲ್ಲಿ ನೀರು ಬೆಳ್ಳಗೆ ಕಾಣುತ್ತಿತ್ತು. ಕಿಟ್ಟಿ ಬಹಳ ಹೊತ್ತು ನೋಡಿದ. ಅವಳು ಅವನ ಹಿಂದೆ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತಿದ್ದಳು. ಅವನು ಕೂತ್ಕೋ ಎನ್ನಲಿಲ್ಲ.

ಅವನನ್ನು ಮೇಲೆ ಹತ್ತಿಸುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಯಿತು. ಸಂಜೆ ಕನಕಪುರ ರಸ್ತೆಯಲ್ಲಿ, ಕೋಣನಕುಂಟೆ ಹತ್ತಿರ, ಮಿನಿಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಹಿಂದೆ ಹಾರನ್ನುಗಳು. ಸೀತಾಲಕ್ಷ್ಮಿಯ ಪಾದ ಸುಮ್ಮನಿರಲಿಲ್ಲ. ಕಿಟಕಿ ತೆಗೆದಳು, ಮುಚ್ಚಿದಳು, ಸೆರಗು ಸರಿಮಾಡಿಕೊಂಡಳು.

ಕಿಟ್ಟಿ ಮಂಡಿ ಸರಿಸಿ ದಾರಿ ಬಿಟ್ಟ. "ಇಳಿದು ನಡಿ. ಬೀಗದ ಕೈ ನನ್ಹತ್ರ ಇದೆ. ಮೊದ್ಲು ನಾನು ಹೋದ್ರೆ ಅನ್ನಕ್ಕಿಡ್ತೀನಿ."

"ನಿಮ್ಮ ಮಂಡಿ?"

"ಚಿದಾನಂದ್ ಇದಾನೆ. ಹೋಗೇ."

ಅವಳು ಇಳಿದಳು. ಮೆಟ್ರೋ ಕಂಬಗಳ ನೆರಳಿನಲ್ಲಿ, ನಿಂತ ಕಾರುಗಳನ್ನೂ ಹೂವಿನ ಗಾಡಿಗಳನ್ನೂ ಬಳಸಿಕೊಂಡು, ಬನಶಂಕರಿಯ ಕಡೆ ಬಿರಬಿರನೆ ನಡೆದಳು. ಸಾರಕ್ಕಿ ಸಿಗ್ನಲ್ ಬರುವ ತನಕ ಹಿಂತಿರುಗಿ ನೋಡಲಿಲ್ಲ. ಅಲ್ಲಿ ಒಮ್ಮೆ ನಿಂತು, ಬಸ್ಸು ಎಷ್ಟು ಹಿಂದಿದೆಯೆಂದು ಕತ್ತೆತ್ತಿ ಹುಡುಕಿದಳು.