ಬಾಲ್ಕನಿಯ ಕೆಳಗೆ ಮುತ್ತಮ್ಮನವರು

ಸೀರೆಯ ನೆರಿಗೆ ಬೆನ್ನ ಹಿಂದೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ತಲೆಗೆ ಗಂಡಸರ ಮಂಕಿ ಟೋಪಿ. ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ, ಚಳಿಗಾಲದ ಮಂಜಿನ ನಡುವೆ, ಹೆಂಗಸೊಬ್ಬರು ಕಬ್ಬಿಣದ ಕೋಲನ್ನು ಎತ್ತಿ ಎತ್ತಿ ಬೀಸುತ್ತಿದ್ದರು. ಹಾವು ಹೊಡೆಯುತ್ತಿರಬೇಕು ಎಂದುಕೊಂಡೆ. ಹುಲ್ಲಿನ ಮೇಲೆ ಇದ್ದದ್ದು ಒಂದು ಪ್ಲಾಸ್ಟಿಕ್ ಚೆಂಡು.

ಮಕ್ಕಳೇ, ಆಗ ನಿಮ್ಮಲ್ಲಿ ದೊಡ್ಡವನಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ಚಿಕ್ಕವಳು ಹುಟ್ಟಿರಲಿಲ್ಲ. ನಿಮ್ಮ ತಾತ ಹೋಗಿ ವರ್ಷ ತುಂಬಿರಲಿಲ್ಲ. ನಿಮ್ಮ ಅಮ್ಮ ನನ್ನನ್ನು ಹಳ್ಳಿಯಿಂದ ಇಲ್ಲಿಗೆ ಕರೆತಂದಿದ್ದಳು. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು ನಾನು, ಹಿಂದಿ ಬಾರದು. ತರಕಾರಿ ಗಾಡಿಯ ಭಯ್ಯಾನಿಗೆ ಬೆರಳು ತೋರಿಸಿ ಬೇಕಾದದ್ದನ್ನು ಕೊಳ್ಳುತ್ತಿದ್ದೆ. ಲಿಫ್ಟಿನಲ್ಲಿ ಯಾರಾದರೂ ಇದ್ದರೆ, ಮಂಡಿ ನೋವಿದ್ದರೂ ಮೆಟ್ಟಿಲು ಹತ್ತುತ್ತಿದ್ದೆ.

ಅಂಥ ನನ್ನನ್ನು ಆ ಕೋಲು ಬೀಸುತ್ತಿದ್ದ ಹೆಂಗಸು, ಮುತ್ತಮ್ಮನವರು, ಹಾಲಿನ ಬೂತಿನ ಮುಂದೆ ಹಿಡಿದರು.

"ಕನ್ನಡದವರಲ್ವಾ? ನಿಮ್ಮ ಮಗಳ ಜೊತೆ ಮಾತಾಡೋದು ಕೇಳಿಸ್ಕೊಂಡೆ. ಎಂಥ ಮಾಡ್ತೀರಿ ದಿನವಿಡೀ?"

"ಏನೂ ಇಲ್ಲ," ಎಂದೆ.

"ಅಚ್ಛಾ. ಹಾಗಾದ್ರೆ ನಾಳೆಯಿಂದ ಗಾಲ್ಫಿಗೆ ಬನ್ನಿ."

ನಾನು ಹಾಲಿನ ಪ್ಯಾಕೆಟ್ ಹಿಡಿದು ಓಡಿಹೋದೆ. ಮರುದಿನ ಬಾಗಿಲಿಗೇ ಬಂದರು. ನಿಮ್ಮ ಅಮ್ಮ ನನ್ನ ಕಡೆ ನೋಡಿ, "ಹೋಗಮ್ಮಾ, ಗೋಡೆ ನೋಡ್ತಾ ಕೂರೋದಕ್ಕಿಂತ ವಾಸಿ," ಎಂದು ಬೂಟು ತಂದುಕೊಟ್ಟಳು.

ದಾರಿಯಲ್ಲಿ ಆಟೋದಲ್ಲಿ ಕೂತು ಮುತ್ತಮ್ಮನವರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅವರ ಗಂಡ ಸೇನೆಯಲ್ಲಿ ಕರ್ನಲ್ ಆಗಿದ್ದು ನಿವೃತ್ತರಾದವರು. ಒಬ್ಬನೇ ಮಗನೂ ಸೇನೆ ಸೇರಿದ್ದ. ಬೆಟ್ಟದ ದಾರಿಯಲ್ಲಿ ಜೀಪು ಉರುಳಿ ಹೋಗಿಬಿಟ್ಟ. ಅವನ ಶವದ ಪೆಟ್ಟಿಗೆಯನ್ನು ವಿಮಾನದಿಂದ ಇಳಿಸಿಕೊಂಡು ಬಂದ ಕರ್ನಲ್ ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೂತವರು ಬಾಯಿ ಬಿಟ್ಟಿಲ್ಲ. ತಟ್ಟೆ ಇಟ್ಟರೆ ಎರಡು ತುತ್ತು, ಇಡದಿದ್ದರೆ ಅದೂ ಇಲ್ಲ. ಡಾಕ್ಟರು ಕೊಟ್ಟ ಮಾತ್ರೆಯಿಂದ ಬಂದದ್ದು ಮಂಪರು ಮಾತ್ರ.

"ಏನಾದ್ರೂ ಮಾಡ್ಕೊಂಡಾರು ಅಂತ ಮನೇಲಿದ್ದ ಕೋವೀನ ತಮ್ಮನ ಕೈಲಿ ಊರಿಗೆ ಕಳಿಸಿದೆ ಜಯಮ್ಮ. ಕೊಡವರ ಮನೆಯಿಂದ ಕೋವಿ ಆಚೆ ಹಾಕೋದು ಅಂದ್ರೆ ಎಂಥ ಅಂತ ನಿಮಗೆ ಗೊತ್ತಾ? ಅವರು ಅದನ್ನೂ ಕೇಳ್ಲಿಲ್ಲ. ಕೋವಿ ಎಲ್ಲಿ ಅಂತ ಒಂದು ಮಾತು ಬೈದಿದ್ರೆ ಕಾಲಿಗೆ ಬೀಳ್ತಿದ್ದೆ."

ಕರ್ನಲ್ ಮೊದಲು ದಿನವೂ ಗಾಲ್ಫ್ ಆಡುತ್ತಿದ್ದವರಂತೆ. ಆ ಕೋಲುಗಳ ಚೀಲ ಬಾಗಿಲ ಹಿಂದೆ ಧೂಳು ಹಿಡಿದು ನಿಂತಿತ್ತು. ಅವರನ್ನು ಕುರ್ಚಿಯಿಂದ ಎಬ್ಬಿಸಬೇಕಾದರೆ ಇದೊಂದೇ ದಾರಿ ಎಂದು ಮುತ್ತಮ್ಮನವರು ನಂಬಿದ್ದರು. ಅದಕ್ಕಾಗಿ, ಅಜ್ಜಿಯಾಗುವ ವಯಸ್ಸಿನಲ್ಲಿ, ತಾವೇ ಆಟ ಕಲಿಯಲು ಹೊರಟಿದ್ದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನು ಜೊತೆಗೆಳೆದುಕೊಂಡಿದ್ದರು. ಧೈರ್ಯಕ್ಕೆ ನನ್ನನ್ನು ಕರೆದವರು ಈ ಭೂಮಿಯ ಮೇಲೆ ಅವರೊಬ್ಬರೇ.

ಮೊದಲ ದಿನವೇ ಮಾನ ಹೋಯಿತು. ಅಷ್ಟು ದೊಡ್ಡ ಹಸಿರು ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚೆಂಡು ಬಿದ್ದಿದ್ದವು. ಯಾರೋ ಮರೆತು ಹೋಗಿದ್ದಾರೆ, ಪಾಪ, ಎಂದು ಸೆರಗಿಗೆ ಹಾಕಿಕೊಂಡು ಬಂದೆ. ಹಿಂದಿನಿಂದ ದೊಡ್ಡ ಪೇಟದ ಸರ್ದಾರ್‌ಜಿಯೊಬ್ಬರು ಓಡಿಬಂದರು. "ಅರೇ ಮಾತಾಜೀ! ವೋ ಮೇರಾ ಬಾಲ್ ಹೈ!" ಅವರು ಹೊಡೆದ ಚೆಂಡು ಬಿದ್ದ ಜಾಗದಿಂದಲೇ ಮುಂದೆ ಹೊಡೆಯಬೇಕಂತೆ. ಮುತ್ತಮ್ಮನವರು ನಗುತ್ತಾ ಹುಲ್ಲಿನ ಮೇಲೆ ಕೂತೇಬಿಟ್ಟರು. ಅಂದಿನಿಂದ ಆ ಸರ್ದಾರ್‌ಜಿ ನನ್ನನ್ನು ಕಂಡಾಗಲೆಲ್ಲ ಕೈ ಮುಗಿದು, "ಮಾತಾಜೀ, ಆಜ್ ಮೇರಾ ಬಾಲ್ ಛೋಡ್ ದೇಂಗೀ ನಾ?" ಎಂದು ಚೆಂಡು ಬಿಟ್ಟುಕೊಡುವಂತೆ ಬೇಡುತ್ತಿದ್ದರು. ಅವರ ಹೆಂಡತಿ ನನಗೆ ಮೂಲಂಗಿ ಪರಾಠ ಕೊಟ್ಟರು, ನಾನು ಅವರಿಗೆ ಚಟ್ನಿಪುಡಿ ಕೊಟ್ಟೆ. ನನಗೆ ಬರುವ ಹಿಂದಿಯೆಲ್ಲ ಆ ಮೈದಾನದಲ್ಲಿ ಬಂದದ್ದು.

ಮುತ್ತಮ್ಮನವರ ತೊಂದರೆ ಬೇರೆ. ಹುಡುಗಿಯಾಗಿದ್ದಾಗ ಹಾಕಿ ಆಡಿದ ಕೈ ಅವರದು. ಗಾಲ್ಫ್ ಕೋಲು ಹಿಡಿಯುವಾಗ ಎರಡು ಕೈಯೂ ಒಂದಕ್ಕೊಂದು ಅಂಟಿಕೊಂಡಿರಬೇಕು. ಇವರು ಹಾಕಿ ಕೋಲಿನಂತೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಹಿಡಿಯುತ್ತಿದ್ದರು. ಕಲಿಸುವ ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು. "ಮೇಡಮ್ ಜೀ, ಯಹಾಂ ಗೋಲ್‌ಕೀಪರ್ ನಹೀಂ ಹೈ!"

ಕೆಲವು ವಾರಗಳಲ್ಲಿ ಕೈ ಸರಿಯಾಯಿತು. ಆದರೆ ಸಂಜೆ ಪಾರ್ಕಿನಲ್ಲಿ, ತಮ್ಮ ಬಾಲ್ಕನಿಯ ಕೆಳಗೆ ನಿಂತಾಗ, ಅದೇ ಹಾಕಿ ಹಿಡಿತ. ನಾನು ತಡೆಯಲಾರದೆ ಕೇಳಿದೆ. "ಬೆಳಿಗ್ಗೆ ಸರಿಯಾಗಿ ಹಿಡೀತೀರಿ, ಇಲ್ಲಿ ಯಾಕೆ ಹೀಗೆ?"

ಅವರು ತಲೆ ಎತ್ತದೆ ಪಿಸುಗುಟ್ಟಿದರು. "ಇದನ್ನ ನೋಡಿ ಸುಮ್ನೆ ಕೂತಿರೋಕೆ ಆ ಮನುಷ್ಯನ ಕೈಲಿ ಆಗ್ಬಾರ್ದು. ಮೊದಲು ಯಾರಾದ್ರೂ ತಪ್ಪು ಹಿಡಿದ್ರೆ, ಗುರುತಿಲ್ಲದವರಾದ್ರೂ ಹೋಗಿ ಕೈ ತಿದ್ದಿ ಬರ್ತಿದ್ರು. ಇಳಿದು ಬಂದು ನನ್ನ ಬೈಯ್ಲಿ. ಅಷ್ಟೇ ಬೇಕು ನನಗೆ."

ನಾನು ಮೇಲೆ ನೋಡಿದೆ. ಕಂಬಿಯ ಹಿಂದೆ ಬೂದು ಸ್ವೆಟರು, ಬೋಳು ತಲೆ. ಕಣ್ಣು ನಮ್ಮ ಕಡೆಗಿತ್ತೋ, ನಮ್ಮನ್ನು ದಾಟಿ ಎಲ್ಲಿಗೋ, ಹೇಳಲಾಗದು.

ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನು ಸಾಕ್ಷಿ ಮಾಡಿಕೊಂಡರು. ಬಾಲ್ಕನಿಗೆ ಕೇಳಿಸುವಂತೆ ಕೂಗುತ್ತಿದ್ದರು. "ಜಯಮ್ಮ! ಮಂಡಿ ನೋವು ಹೇಗಿದೆ ಈಗ?"

"ಪರವಾಗಿಲ್ಲ."

"ಜೋರಾಗಿ ಹೇಳಿ!"

"ಕಡಿಮೆಯಾಗಿದೆ! ಮೆಟ್ಟಿಲು ಹತ್ತಿದರೂ ನೋಯಲ್ಲ!"

"ನಿದ್ದೆ?"

"ಬರುತ್ತೆ! ಮಾತ್ರೆ ಬಿಟ್ಟೆ!"

"ಮನಸ್ಸು?"

ಲಿಫ್ಟಿಗೆ ಹೆದರುತ್ತಿದ್ದ ನಾನು, ಅಷ್ಟು ಜನರ ಕಿಟಕಿಗಳ ಕೆಳಗೆ ನಿಂತು, ನನ್ನ ಮನಸ್ಸಿನ ಸಮಾಚಾರವನ್ನು ಕೂಗಿ ಹೇಳಬೇಕಾಗಿತ್ತು. "ಚೆಂಡಿನ ಹಿಂದೆ ನಡೆಯುವಾಗ ಬೇರೆ ಯೋಚನೆ ಬರಲ್ಲ!" ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಆ ನಡಿಗೆಯಿಂದ ನನ್ನ ಮೈ ಹಗುರವಾಗಿತ್ತು, ನಿಮ್ಮ ತಾತನನ್ನು ಅಳದೆ ನೆನೆಯಲು ಆಗುತ್ತಿತ್ತು. ಮುತ್ತಮ್ಮನವರು ಮಾತ್ರ ಸೊರಗುತ್ತಾ ಹೋದರು. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಗಂಡ ಉಣ್ಣದ ಮನೆಯಲ್ಲಿ ಅವರೂ ಉಣ್ಣುತ್ತಿರಲಿಲ್ಲ.

ಹೋಳಿಯ ಹಿಂದಿನ ಸಂಜೆ, ಹೊಡೆದ ಹೊಡೆತವೆಲ್ಲ ನೆಲಕ್ಕೆ ಬಿದ್ದು ಮಣ್ಣು ಕಿತ್ತು ಬರುತ್ತಿತ್ತು. ಅವರು ಬೇಕೆಂದು ತಪ್ಪು ಹೊಡೆಯುತ್ತಿಲ್ಲ, ತೋಳಿನಲ್ಲಿ ಶಕ್ತಿಯೇ ಇಲ್ಲ ಎಂದು ನನಗೆ ಗೊತ್ತಾಯಿತು. ಕೋಲು ಊರಿಕೊಂಡು ನಿಂತು ನನ್ನತ್ತ ತಿರುಗಿದರು.

"ಎಲ್ಲ ಹೇಳಿ ಆಯ್ತು ಜಯಮ್ಮ. ಮೈಗೆ ಒಳ್ಳೇದು, ಮನಸ್ಸಿಗೆ ಒಳ್ಳೇದು, ನಾಲ್ಕು ಜನ ಸಿಗ್ತಾರೆ. ಇನ್ನು ಎಂಥ ಹೇಳ್ಲಿ? ಮಗ ಅವರಿಗೊಬ್ಬರಿಗೇ ಇದ್ದನಾ? ನನಗೂ ಕುರ್ಚಿ ಬೇಕು. ನಾನೂ ಕೂರ್ಬೇಕು."

ಅವರು ಮತ್ತೆ ಅದೇ ಹಾಕಿ ಹಿಡಿತದಲ್ಲಿ ಕೋಲು ಎತ್ತಿದರು, ಅರ್ಧಕ್ಕೇ ಕೆಳಗಿಳಿಸಿದರು. ಆಗ ಮೆಟ್ಟಿಲ ಬಾಗಿಲು ತೆರೆಯಿತು. ಹವಾಯಿ ಚಪ್ಪಲಿಯಲ್ಲಿ, ಗೋಡೆ ಹಿಡಿದುಕೊಂಡು ಕರ್ನಲ್ ಬಂದರು. ನಡಿಗೆ ಮರೆತವರಂತೆ ಹುಲ್ಲು ದಾಟಿ ಹೆಂಡತಿಯ ಎದುರು ನಿಂತು, ಕೋಲಿನ ಮೇಲಿದ್ದ ಅವರ ಕೈಗಳನ್ನು ನೋಡಿದರು. ತಿದ್ದಲಿಲ್ಲ. ಕೊಡವ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳಿದರು. ಹೇಳಿದವರೇ ಕುಸಿದು ಕೂತು, ದೊಡ್ಡ ದನಿಯಲ್ಲಿ ಅಳತೊಡಗಿದರು. ಕಿಟಕಿಗಳು ಒಂದೊಂದಾಗಿ ತೆರೆದವು.

ಮುತ್ತಮ್ಮನವರು ಅವರ ತಲೆಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು ನನಗೆ ಹೇಳಿದರು. "ಅವನೂ ಮೊದಮೊದಲು ಹೀಗೇ ಹಿಡೀತಿದ್ದ, ಅಂದ್ರು. ನನಗೆ ಗೊತ್ತೇ ಇರ್ಲಿಲ್ಲ ಜಯಮ್ಮ. ಅಪ್ಪ ಮಗ ಆಡೋವಾಗ ನಾನು ಒಂದಿನವೂ ಹೋಗಿ ನೋಡಿರ್ಲಿಲ್ಲ."

ಆಮೇಲೆ ಕರ್ನಲ್ ನಮ್ಮ ಜೊತೆ ಮೈದಾನಕ್ಕೆ ಬರುತ್ತಿದ್ದರು. ಕೆಲವು ದಿನ ಬರುತ್ತಿರಲಿಲ್ಲ. ಬಂದರೂ ಆಡುತ್ತಿರಲಿಲ್ಲ, ಹೆಂಡತಿಯ ಪಕ್ಕ ನಡೆಯುತ್ತಿದ್ದರು. ನನಗೆ ತಲೆಯಾಡಿಸಿ ನಮಸ್ಕಾರ ಹೇಳುವುದಷ್ಟೇ. ಎರಡು ಚಳಿಗಾಲ ಕಳೆದ ಮೇಲೆ ಫ್ಲ್ಯಾಟು ಮಾರಿ ಕೊಡಗಿನ ಗೋಣಿಕೊಪ್ಪಕ್ಕೆ ಹೋದರು. ಹೊರಡುವ ದಿನ ಟ್ಯಾಕ್ಸಿ ಕಿಟಕಿಯಿಂದ ಮುತ್ತಮ್ಮನವರು, "ನಾನಿಲ್ಲ ಅಂತ ಮನೇಲಿ ಕೂತ್ರೆ ಬಂದು ಎಳೀತೀನಿ," ಎಂದು ಗದರಿದರು. ಅದೇ ಕೊನೆಯ ಭೇಟಿ.

ಮುಂದಿನ ಮಳೆಗಾಲದಲ್ಲಿ ಫೋನು ಬಂತು. ಗಂಡಸಿನ ದನಿ, ನಾನು ಎಂದೂ ಕೇಳದ ಕನ್ನಡ.

"ಜಯಮ್ಮನವರೇ, ನಾನು ಕರ್ನಲ್. ಮುತ್ತಮ್ಮ ಹೋದಳು. ನಿನ್ನೆ ಬೆಳಿಗ್ಗೆ. ಹೃದಯ."

ಅವರು ನಿಲ್ಲಿಸಲಿಲ್ಲ. ಮುತ್ತಮ್ಮನವರು ಎದ್ದು ಕಾಫಿ ಕಾಸಿದ್ದು, ಗಂಡನ ಸ್ವೆಟರಿನ ಗುಂಡಿ ಬಿಚ್ಚಿದೆ ಎಂದು ಬೈದದ್ದು, ಬೈಯುತ್ತಲೇ ಬಾಗಿಲ ಚೌಕಟ್ಟು ಹಿಡಿದು ಕೂತದ್ದು. ಮದುವೆಯಾದ ಹೊಸತರಲ್ಲಿ ಹೆಂಡತಿ ಹೇಗಿದ್ದರು ಎನ್ನುವುದನ್ನೂ ಹೇಳಿದರು. ಮುತ್ತಮ್ಮನವರು ಒಂದು ಮಾತಿಗಾಗಿ ಅಷ್ಟು ಕಾದಿದ್ದ ಬಾಯಿ ತಡೆಯಿಲ್ಲದೆ ಮಾತಾಡುತ್ತಿತ್ತು. ನಾನು ಗೋಡೆಗೆ ಒರಗಿ ನಿಂತಿದ್ದೆ.

"ಕೇಳ್ತಾ ಇದ್ದೀರಾ?" ಎಂದರು.

"ಕೇಳ್ತಾ ಇದ್ದೀನಿ," ಎಂದೆ. "ಹೇಳಿ."