ಗೂಡ್ಸ್ ಬಂಡಿಯ ಆಚೆ ನಿಂತಿದ್ದ ಅಕ್ಕ

ನೀನು ಚಿಕ್ಕವನಿದ್ದಾಗಿನ ಕಥೆ ಹೇಳು ಎಂದು ನೀವು ಕೇಳಿದಾಗಲೆಲ್ಲ ಕಾಲುವೆಯಲ್ಲಿ ಈಜಿದ್ದನ್ನೇ ಹೇಳಿ ತಪ್ಪಿಸಿಕೊಂಡಿದ್ದೇನೆ ಮಕ್ಕಳೇ. ಹೇಳಬೇಕಾಗಿದ್ದು ಬೇರೆಯೇ ಇತ್ತು. ಅದು ನಿಮ್ಮ ಅಪ್ಪ ಶಾಲೆಗೆ ಹೋಗುತ್ತಿದ್ದ ಕಾಲದ್ದು.

ಆಗ ಹೊಸಪೇಟೆಯ ಹೊರಗಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಾನು ಕಮಿಷನ್ ಮೇಲೆ ಟಿಕೆಟ್ ಮಾರುತ್ತಿದ್ದೆ. ರಸ್ತೆಯ ತುಂಬ ಅದಿರಿನ ಲಾರಿಗಳು. ಬಸ್ಸು ಯಾವಾಗ ಮುಟ್ಟುತ್ತದೋ ಯಾರಿಗೂ ಗೊತ್ತಿರಲಿಲ್ಲ. ಹಾಲಿನವರು, ಕಾಲೇಜು ಹುಡುಗರು, ಗಾರೆ ಕೆಲಸದವರು ಎಲ್ಲರೂ ಬೆಳಗಿನ ಪ್ಯಾಸೆಂಜರ್ ರೈಲನ್ನೇ ನಂಬಿದ್ದರು. ಅದಿರು ತುಂಬಿದ ಗೂಡ್ಸ್ ಬಂಡಿ ಊರಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಜನ ಅದರ ಕೆಳಗೆ ನುಸುಳಿ ಬರುತ್ತಿದ್ದರು. ಟಿಕೆಟಿನ ಮೇಲೂ ಕೆಂಪು ಧೂಳು, ನಾಲಿಗೆಯ ಮೇಲೂ ಕೆಂಪು ಧೂಳು.

ಒಂದು ಬೆಳಿಗ್ಗೆ ಪ್ಯಾಸೆಂಜರಿನ ಕೂಗು ಕೇಳಿಸಿತು. ಪೇಟೆಯಲ್ಲಿ ಪುಂಡಿಪಲ್ಯದ ಸೊಪ್ಪು ಮಾರುವ ಅಕ್ಕ ಬುಟ್ಟಿ ಹಿಡಿದು ಗೂಡ್ಸಿನ ಆಚೆಯೇ ನಿಂತಿದ್ದಳು.

"ಅಣ್ಣಾ, ದಾಟ್ಲೇನು? ಭಾಳ ಅಂಜಿಕಿ ಆಗ್ತೈತಿ."

ನಾನು ಮುಂದಿನ ತುದಿ ನೋಡಿದೆ. ಇಂಜಿನ್ ಇರಲಿಲ್ಲ.

"ಇಂಜಿನ್ನೇ ಬಿಚ್ಚ್ಯಾರ, ನಿನ್ನ ನೋಡಿ ತಾನಾಗೇ ಓಡ್ತೈತೇನು? ಜಲ್ದಿ ಬಾರಕ್ಕಾ, ಪಲ್ಯ ಬಾಡಿ ಹೋದೀತು!"

ಪ್ಲಾಟ್‌ಫಾರ್ಮಿನ ಮೇಲಿದ್ದವರೆಲ್ಲ ನಕ್ಕರು. ಅವಳೂ ನಕ್ಕು, ಬುಟ್ಟಿಯನ್ನು ಮುಂದೆ ತಳ್ಳಿ ಬಗ್ಗಿದಳು.

ಇಂಜಿನ್ ಹಿಂದಿನ ತುದಿಗೆ ಬಂದು ಕೂಡಿಕೊಂಡಿತ್ತು. ನಾನು ಆ ಕಡೆ ನೋಡಿರಲೇ ಇಲ್ಲ. ಡಬ್ಬಿಯಿಂದ ಡಬ್ಬಿಗೆ ಢಣಢಣ ಓಡಿ ಬಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಕ್ಕನ ಜೀವ ಉಳಿಯಿತು. ಒಂದು ಕಾಲು ಹೋಯಿತು.

ವಿಚಾರಣೆಗೆ ಬಂದ ಸಾಹೇಬರು, "ದಾಟು ಅಂದವರು ಯಾರು?" ಎಂದು ಕೇಳಿದರು.

"ಬ್ಯಾಡ ಬ್ಯಾಡ ಅಂದ್ನಿರಿ ಸಾಹೇಬ್ರ, ಕೇಳ್ಲೇ ಇಲ್ಲ," ಎಂದೆ. ಕೆಲಸ ಹೋದೀತೆಂಬ ಭಯ. ಅಂದು ನಕ್ಕವರೂ ಬಾಯಿ ಬಿಡಲಿಲ್ಲ. ತಪ್ಪು ಅವಳದೇ ಎಂದಾಯಿತು, ಪರಿಹಾರ ಸಿಗಲಿಲ್ಲ. ಆಮೇಲೆ ಅವಳು ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ನಾನು ಆ ಓಣಿಯನ್ನೇ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಹೋದ ವರ್ಷ ತೀರಿಕೊಂಡಳಂತೆ.

ಈಗ ಅಲ್ಲಿ ಮೇಲ್ಸೇತುವೆ ಇದೆ. ನೀವು ಅದರ ಮೇಲೆ ನಿಂತು, ಕೆಳಗೆ ಹೋಗುವ ಗೂಡ್ಸ್ ಡಬ್ಬಿಗಳನ್ನು ಎಣಿಸಿ ಚಪ್ಪಾಳೆ ತಟ್ಟುತ್ತೀರಿ. ತಾತ ಯಾಕೆ ಮೇಲೆ ಬರುವುದಿಲ್ಲ ಎಂದು ಕೇಳುತ್ತೀರಿ. ಮೊಣಕಾಲು ನೋವು ಎನ್ನುತ್ತೇನೆ. ಅದೂ ಸುಳ್ಳೇ.

ಆ ಅಕ್ಕನ ಹೆಸರು ಹುಲಿಗೆಮ್ಮ.